ಜೈನರ ಮನೆಯ ಆಮೆ

ಅಂಗಡಿಯಲ್ಲಿ ಉತ್ತರ ದಿಕ್ಕಿಗೆ ಆಮೆ ಇಟ್ಟರೆ ವ್ಯಾಪಾರ ಏಳುತ್ತದೆ ಎಂದು ಯಾರೋ ನಮ್ಮ ಮನೆಯವರ ಕಿವಿಯಲ್ಲಿ ಊದಿದರು. ಹಿತ್ತಾಳೆಯದನ್ನು ತಂದಿದ್ದರೆ ಆಗಾಗ ಒರೆಸಿ ಸುಮ್ಮನಿರುತ್ತಿದ್ದೆ. ಅವರು ತಂದದ್ದು ಜೀವಂತ ಆಮೆ. ಕಣ್ಣಿನ ಹಿಂದೆ ಕೆಂಪು ಗೆರೆ, ಅಂಗೈಯಲ್ಲಿ ಕೂರುವಷ್ಟು ಮೈ. ಸಾಂಗ್ಲಿಯ ಅರಿಸಿನ ಪೇಟೆಯ ಧೂಳಿನಲ್ಲಿ ಅದು ಮಂಕಾದಾಗ ಗಾಜಿನ ಬೋಗುಣಿ ಸಮೇತ ಮನೆಗೆ ತಂದು ಅಡುಗೆ ಕಟ್ಟೆಯ ಮೇಲಿಟ್ಟರು. ಅಂದಿನಿಂದ ಅದು ನನ್ನ ಕೊರಳಿಗೆ ಬಿತ್ತು.

ನೀರು ಬದಲಿಸಿದ ಮರುದಿನವೇ ವಾಸನೆ. ನಳದ ನೀರನ್ನು ಕ್ಲೋರಿನ್ ಹೋಗಲೆಂದು ಒಂದು ದಿನ ಬಕೆಟ್ಟಿನಲ್ಲಿ ಇಟ್ಟು ಆಮೇಲೆ ಹಾಕಬೇಕು ಎಂದು ಎಷ್ಟು ಹೇಳಿದರೂ ಮನೆಯವರು ಆ ನೀರಿನಲ್ಲೇ ಸ್ಕೂಟರ್ ತೊಳೆಯುತ್ತಿದ್ದರು.

ದೊಡ್ಡ ತಂಟೆ ಊಟದ್ದು. ನಮ್ಮದು ಜೈನರ ಮನೆ. ಮಾರಿದವನು ಕೊಟ್ಟ ಆಮೆಯ ತಿನಿಸಿನ ಕಾಳಿನ ಡಬ್ಬಿಯ ಮೇಲೆ ಸೀಗಡಿಯ ಚಿತ್ರವಿತ್ತು. ಅದನ್ನು ನೋಡಿದ್ದೇ ಅತ್ತೆ ಡಬ್ಬಿಯನ್ನು ಕಸಕ್ಕೆ ಎಸೆದರು. ಆಮೇಲೆ ಆಮೆಗೆ ಅನ್ನ, ಚಪಾತಿಯ ಚೂರು, ಮೆಂತ್ಯದ ಸೊಪ್ಪು. ಅದೂ ನಮ್ಮ ಊಟದಂತೆ ಹೊತ್ತು ಮುಳುಗುವುದರೊಳಗೆ. ಎಲ್ಲವೂ ನೀರಿನಲ್ಲಿ ಕೊಳೆಯುತ್ತಿತ್ತು, ಆಮೆ ತಿನ್ನುತ್ತಿದ್ದದ್ದು ಅಷ್ಟಕ್ಕಷ್ಟೇ. ನಾನು ಏನಾದರೂ ಹೇಳಿದರೆ ಮನೆಯವರು ಅಂಗಡಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದರು.

ಮಳೆಗಾಲ ಮುಗಿಯುವಾಗ ಅದರ ಕಣ್ಣುಗಳು ಊದಿ ಮುಚ್ಚಿಕೊಂಡವು. ಬೆರಳಿನಿಂದ ಒತ್ತಿದರೆ ಚಿಪ್ಪು ಬಗ್ಗುತ್ತಿತ್ತು. ಸಾಂಗ್ಲಿಯ ದನದ ಡಾಕ್ಟರು ಆಮೆ ತನಗೆ ತಿಳಿಯದೆಂದರು. ಮಿರಜಿನಲ್ಲಿ ನೋಡುವವರಿದ್ದಾರೆಂದು ತಿಳಿದು ಆಟೋ ಹಿಡಿದೆ. ಅತ್ತೆಯೂ ಹತ್ತಿದರು.

ಮಿರಜಿನ ಡಾಕ್ಟರು ಮರಾಠಿಯಲ್ಲಿ ಇಬ್ಬರನ್ನೂ ಚೆನ್ನಾಗಿ ಬೈದರು. ಈಜಲು ಆಳದ ನೀರು ಬೇಕು, ಹತ್ತಿ ಕೂರಲು ಒಣ ಕಲ್ಲು ಬೇಕು, ಗಾಜು ದಾಟಿ ಬರುವ ಬಿಸಿಲಲ್ಲ, ನೇರ ಬಿಸಿಲೇ ಬೇಕು. ಬೆಳೆದ ಮೇಲೆ ಸೊಪ್ಪು ಹೆಚ್ಚು ತಿಂದೀತು, ಈಗ ಮೀನು, ಹುಳು ಅರೆದು ಮಾಡಿದ ಕಾಳು ಇಲ್ಲದೆ ಬದುಕದು. ಇದು ಪರದೇಶದ ಜಾತಿ, ಬೇಸರವಾಯಿತೆಂದು ನದಿಗೆ ಮಾತ್ರ ಬಿಡಬೇಡಿ ಎಂದೂ ಹೇಳಿ, ಒಂದು ಇಂಜೆಕ್ಷನ್ ಚುಚ್ಚಿ, ಕಣ್ಣಿಗೆ ಔಷಧಿ ಬರೆದುಕೊಟ್ಟರು.

ವಾಪಸಿನ ಆಟೋದಲ್ಲಿ ಅತ್ತೆ ಮೆಲ್ಲಗೆ, “ಕೃಷ್ಣಾ ನದಿಗೇ ಬಿಡೂಣು, ಪೀಡಾ ಹೋಗಲಿ,” ಎಂದರು.

ನನಗೆ ತಡೆಯಲಾಗಲಿಲ್ಲ. “ಬಿಡಬ್ಯಾಡ ಅಂತ ಈಗಷ್ಟ ಕೇಳಿ ಬಂದೇವಲ್ರಿ ಅತ್ತಿ. ಅಲ್ಲಿ ಇರೂ ಆಮಿಗಳ ಬಾಯಾಗಿನ ತುತ್ತು ಇದು ಕಸಕೋತೈತಿ.”

“ಹಂಗಂದ್ರ ನಮ್ಮ ಮನ್ಯಾಗ ಸೀಗಡಿ ತರೂದು ಪುಣ್ಯೇನು?”

“ಕಣ್ಣಮುಂದ ಉಪಾಸ ಸಾಯಸೂದು ಪುಣ್ಯೇನ್ರಿ?”

ಸಾಂಗ್ಲಿಯಲ್ಲಿ ಮನೆಯ ಮುಂದೆ ಇಳಿಯುವಾಗ ಅತ್ತೆ, “ಗಚ್ಚಿ ಮ್ಯಾಲ ಇಡು. ಅಡಗಿ ಮನಿ ಕಡೆ ತರಬ್ಯಾಡ. ಏನ ಹಾಕತಿ ಅಂತ ನನಗ ಹೇಳಬ್ಯಾಡ,” ಎಂದರು.

ಮನೆಯ ಮೇಲಿನ ಗಚ್ಚಿಗೆ, ತೆರೆದ ಬಿಸಿಲಿಗೆ, ದೊಡ್ಡ ಟಬ್ಬು ಬಂತು, ಅರ್ಧಕ್ಕೆ ನೆರಳು, ನಡುವೆ ಕಲ್ಲು. ಆಮೆ ನಿಧಾನವಾಗಿ ಕಣ್ಣು ಬಿಟ್ಟಿತು, ಚಿಪ್ಪು ಗಟ್ಟಿಯಾಯಿತು. ಈಗ ತಾಟಿನಷ್ಟು ಬೆಳೆದಿದೆ. ವ್ಯಾಪಾರ ಇದ್ದಲ್ಲೇ ಇದೆ. ಆದರೂ ಬಂದವರನ್ನೆಲ್ಲ ಮನೆಯವರು ಗಚ್ಚಿಗೆ ಕರೆದೊಯ್ದು ತಾವೇ ಸಾಕಿದವರಂತೆ ತೋರಿಸುತ್ತಾರೆ. ಆಮೆ ಬಿಸಿಲಿಗೆ ಕುಳಿತಾಗ ಅತ್ತೆ ಜಪಮಾಲೆ ಹಿಡಿದು ಕಾಗೆ ಓಡಿಸುತ್ತಾ ಪಕ್ಕದಲ್ಲೇ ಇರುತ್ತಾರೆ. ಟಬ್ಬು ತೊಳೆಯಲು ಮಾತ್ರ ಕೆಳಗಿರುವ ನನ್ನನ್ನೇ ಕೂಗುತ್ತಾರೆ.