ದೀಪ ಹಚ್ಚುವ ಮುಂಚೆ ಸತ್ತ ರಾಜರು

ಎಂ.ಎ. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದ ಕಾಲದಲ್ಲಿ ನಾನು ನಾಗಮಂಗಲದ ನಮ್ಮ ಮನೆಯ ಜಗಲಿಯ ಮೇಲೆ ಇತಿಹಾಸದ ಟ್ಯೂಷನ್ ಹೇಳುತ್ತಿದ್ದೆ. ತೊಂಬತ್ತರ ದಶಕದ ನಡುಭಾಗ. ಲೆಕ್ಕಕ್ಕೆ, ಇಂಗ್ಲಿಷಿಗೆ ಟ್ಯೂಷನ್ ಎಂದರೆ ಜನ ತಲೆಯಾಡಿಸುತ್ತಿದ್ದರು, ಇತಿಹಾಸಕ್ಕೆ ಎಂದರೆ ನಗುತ್ತಿದ್ದರು. "ಸತ್ತೋರ ಕತೆ ಏಳಕ್ಕೆ ಟೂಸನ್ ಬೇರೆ ಕೇಡು" ಎಂದು ಎದುರು ಮನೆಯ ಯಜಮಾನರು ನನಗೆ ಕೇಳಿಸುವಂತೆಯೇ ಅಂದಿದ್ದರು. ಆದರೆ ಎರಡನೇ ಪಿಯುಸಿಯ ಪ್ರಪಂಚದ ಇತಿಹಾಸ ನಮ್ಮ ಕಡೆಯ ಮಕ್ಕಳಿಗೆ ಕಬ್ಬಿಣದ ಕಡಲೆ. ರಾಗಿ ಹೊಲದಿಂದ ಎದ್ದು ಬಂದವರಿಗೆ ಫ್ರಾನ್ಸಿನ ಕ್ರಾಂತಿ ಎಲ್ಲಿಂದ ದಕ್ಕಬೇಕು? ನನಗೋ ಮೂಗಿನ ತುದಿಯಲ್ಲೇ ಕೋಪ. ಬೈದು ಬೈದೇ ಪಾಠ ಮಾಡುತ್ತಿದ್ದೆ. ಆದರೂ ಮಕ್ಕಳು ಬರುತ್ತಿದ್ದರು. ಬೈಗುಳಕ್ಕಿಂತ ಅಮ್ಮ ಕೊಡುತ್ತಿದ್ದ ಹುರಿಗಾಳಿನ ಮಹಿಮೆ ಹೆಚ್ಚಿನದಿರಬೇಕು.

ಆ ವರ್ಷ ಬಿಂಡಿಗನವಿಲೆಯಿಂದ ಒಬ್ಬ ಹುಡುಗಿ ಬಂದಳು. ಮಿಕ್ಕೆಲ್ಲ ವಿಷಯಗಳಲ್ಲಿ ಪಾಸಾಗಿ ಇತಿಹಾಸದಲ್ಲಿ ಮಾತ್ರ ಗೋತಾ ಹೊಡೆದಿದ್ದಳು. ಅವಳಿಗೆ ಟಿ.ಸಿ.ಎಚ್. ಮಾಡಿ ಮಕ್ಕಳಿಗೆ ಪಾಠ ಹೇಳುವ ಮೇಡಮ್ ಆಗಬೇಕೆಂಬ ಆಸೆ. ಅಪ್ಪ ಇರಲಿಲ್ಲ. ಅಕ್ಟೋಬರಿನ ಪರೀಕ್ಷೆಯೇ ಕೊನೆಯದು, ಅದರಲ್ಲೂ ಹೋದರೆ ಓದು ನಿಲ್ಲಿಸಿ ಮನೆಯಲ್ಲಿರಬೇಕು ಎಂದು ಚಿಕ್ಕಪ್ಪ ಹೇಳಿಬಿಟ್ಟಿದ್ದ. ಕುರಿಗಳನ್ನು ಹಟ್ಟಿಗೆ ಕೂಡಿ, ಸಂಜೆಯ ಬಸ್ಸು ಹತ್ತಿ ಬರುತ್ತಿದ್ದಳು. ಹುಡುಗಿಯೊಬ್ಬಳನ್ನೇ ಕಳಿಸಲು ಮನೆಯವರಿಗೆ ಇಷ್ಟವಿಲ್ಲದ್ದರಿಂದ ಜೊತೆಗೆ ಅಜ್ಜಿ, ಅಂದರೆ ಅಪ್ಪನ ತಾಯಿ. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ, ಎಲೆ ಅಡಿಕೆ ಮೆಲ್ಲುತ್ತ ಇಡೀ ಯುರೋಪನ್ನು ಕೇಳಿಸಿಕೊಳ್ಳುತ್ತಿದ್ದಳು.

ಮೊದಲ ವಾರದಲ್ಲೇ ಒಂದು ದಿನ ಹುಡುಗಿಯನ್ನು ಕೇಳಿದೆ:

"ಕ್ರಾಂತಿ ಆಯಿತು. ಕೊನೆಗೆ ಫ್ರಾನ್ಸಿನ ರಾಜ ಏನಾದ?"

"ಅರಮನೇಲವ್ನೆ ಮೇಡಮ್."

"ಯಾವ ಅರಮನೆಯಲ್ಲೇ? ಅವನ ತಲೆ ತೆಗೆದು ಯಾವ ಕಾಲವಾಯಿತು!"

ನನ್ನ ಮಾತು ಮುಗಿಯುವ ಮೊದಲೇ ಅಜ್ಜಿ ಎದ್ದು ಕುಳಿತಳು. "ಥೂ ಥೂ! ಬುಡ್ತು ಅನ್ನವ್ವ! ಮುಸ್ಸಂಜೇಲಿ ಎಂಥ ಮಾತಾಡ್ತೀಯ?"

ಆಗ ವಿಷಯ ಹೊರಬಿತ್ತು. ಹುಡುಗಿ ನಮ್ಮೆಲ್ಲರ ಹಾಗೆ ಗಟ್ಟಿಯಾಗಿ ಓದಿಯೇ ಬಾಯಿಪಾಠ ಮಾಡುವವಳು. ಹಗಲೆಲ್ಲ ಕಾಲೇಜು, ಇಲ್ಲವೇ ಕುರಿಯ ಹಿಂದೆ, ಓದಲು ಸಿಗುತ್ತಿದ್ದುದು ದೀಪ ಹಚ್ಚುವ ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಅಸ್ತು ದೇವತೆಗಳು ತಿರುಗುತ್ತಿರುತ್ತಾರೆ, ಆಡಿದ ಮಾತಿಗೆಲ್ಲ ಅಸ್ತು ಅಂದು ಅದನ್ನು ನಿಜ ಮಾಡಿಬಿಡುತ್ತಾರೆ, ಸಾವಿನ ಮಾತು ಬಾಯಲ್ಲಿ ಬರಕೂಡದು ಎಂದು ಅಜ್ಜಿಯ ಕಟ್ಟಪ್ಪಣೆ. ಹಾಗಾಗಿ ಸಾವು ಬಂದ ಸಾಲುಗಳನ್ನೆಲ್ಲ ಹುಡುಗಿ ಹಾರಿಸಿ ಓದಿದ್ದಳು. ಅವಳ ಪ್ರಪಂಚದ ಇತಿಹಾಸದಲ್ಲಿ ಒಂದು ನರಪಿಳ್ಳೆಯೂ ಸತ್ತಿರಲಿಲ್ಲ. ರಷ್ಯಾದ ಚಕ್ರವರ್ತಿ ಹೆಂಡತಿ ಮಕ್ಕಳೊಡನೆ ಸುಖವಾಗಿದ್ದ. ಯುವರಾಜನೊಬ್ಬ ಗುಂಡೇಟು ತಿನ್ನದೆಯೇ ಮೊದಲ ಮಹಾಯುದ್ಧ ಶುರುವಾಗಿಬಿಟ್ಟಿತ್ತು. ಮಾರ್ಚಿನಲ್ಲಿ ಅವಳು ಹಾಗೆಯೇ ಬರೆದು ಬಂದಿದ್ದಳು.

ನನಗೆ ನಗುವೂ ಬಂತು, ಸಿಟ್ಟೂ ಬಂತು. "ಇದೆಂಥ ಮೂಢನಂಬಿಕೆ ಅಜ್ಜಿ?" ಎಂದು ರೇಗಿದೆ. ಹುಡುಗಿ ನೀರು ಕುಡಿಯಲು ಒಳಗೆ ಹೋದಾಗ ಅಜ್ಜಿ ಮೆಲ್ಲಗೆ ಹೇಳಿದಳು: "ಇವ್ಳಪ್ಪಂಗೆ ಒಂದ್ಸಲ ಇದೇ ಒತ್ನಲ್ಲಿ ಸಿಟ್ನಲ್ಲಿ ಆಳಾಗೋಗು ಅಂದ್ಬುಟ್ಟೆ ಕಣವ್ವ. ಮಾರ್ನೆ ದಿನ ತೆಂಗಿನ ಮರದಿಂದ ಬಿದ್ದ. ನನ್ ಬಾಯಿ ಒಳ್ಳೇದಲ್ಲ."

ಅಂದಿನಿಂದ ನಾನು ಪಾಠದ ಕ್ರಮವನ್ನೇ ಬದಲಿಸಿದೆ. ಬಸ್ಸಿಳಿದ ಕೂಡಲೇ, ಬಿಸಿಲಿರುವಾಗಲೇ, ಕೊಲೆ ಯುದ್ಧಗಳೆಲ್ಲ ಮುಗಿಯಬೇಕು. ದೀಪ ಹಚ್ಚಿದ ಮೇಲೆ ಒಪ್ಪಂದಗಳು, ಕಾನೂನುಗಳು, ಕಾರ್ಖಾನೆಗಳು. ಮಿಕ್ಕ ಮಕ್ಕಳಿಗೂ ಇದು ಅಭ್ಯಾಸವಾಗಿಹೋಯಿತು. "ಬೇಗ ಸಾಯ್ಸಿ ಮೇಡಮ್, ಒತ್ತಾಯ್ತದೆ" ಎಂದು ಅವರೇ ಅವಸರ ಮಾಡುತ್ತಿದ್ದರು. ಅಮ್ಮ ಹೊಸಿಲ ಹತ್ತಿರ ದೀಪ ಹಿಡಿದು ನಿಂತು, "ಇನ್ನೂ ಯಾರಾದ್ರೂ ಬಾಕಿ ಇದ್ದಾರಾ?" ಎಂದು ಕೇಳಿಯೇ ಹಚ್ಚುತ್ತಿದ್ದಳು. ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಾಗಿ ನಾನು ಎಲ್ಲೂ ಪಾಠ ಮಾಡಿಲ್ಲ. ಅಜ್ಜಿಯಂತೂ ಫ್ರಾನ್ಸಿನ ರಾಣಿಯ ಮೇಲೆ ಮುನಿಸಿಕೊಂಡುಬಿಟ್ಟಿದ್ದಳು. "ಮನೆ ಯೆಂಗ್ಸು ಕೈ ಬಿಗಿ ಇಡಿದಿದ್ರೆ ಇಷ್ಟೆಲ್ಲ ಆಗ್ತಿತ್ತಾ?" ಎಂಬುದು ಕ್ರಾಂತಿಯ ಕಾರಣಗಳ ಬಗ್ಗೆ ಅವಳ ತೀರ್ಮಾನ.

ಪರೀಕ್ಷೆಯ ಹಿಂದಿನ ದಿನ ಅಜ್ಜಿ ಮೊಮ್ಮಗಳು ನಮ್ಮ ಮನೆಯಲ್ಲೇ ಉಳಿಯುವುದೆಂದು ಮಾತಾಗಿತ್ತು. ಸತ್ತವರನ್ನೆಲ್ಲ ಇನ್ನೊಮ್ಮೆ ಒಟ್ಟಿಗೆ ಓದಿಸಬೇಕೆಂದು ನಾನು ಕಾದಿದ್ದೆ, ಏಕೆಂದರೆ ಹುಡುಗಿ ಇನ್ನೂ ಅಲ್ಲಲ್ಲಿ ಯಾರನ್ನಾದರೂ ಬದುಕಿಸಿಬಿಡುತ್ತಿದ್ದಳು. ಅಂದೇ ಬಸ್ಸಿನ ಟೈರು ದಾರಿಯಲ್ಲಿ ಕೈಕೊಟ್ಟಿತು. ಅವರು ಬಂದು ತಲುಪುವಾಗ ತೆಂಗಿನ ತೋಟದ ಹಿಂದೆ ಸೂರ್ಯ ಇಳಿದಾಗಿತ್ತು. ಹುಡುಗಿ ಮೆಟ್ಟಿಲ ಮೇಲೆ ಕುಸಿದು ಅಳತೊಡಗಿದಳು. "ರಾತ್ರಿ ಊಟ ಆದ ಮೇಲೆ ನೋಡೋಣ ಬಿಡೆ" ಎಂದೆ. ಆದರೆ ಲೋಡ್ ಶೆಡ್ಡಿಂಗಿನ ದಿನಗಳು, ರಾತ್ರಿ ಕರೆಂಟು ಇರುವ ಭರವಸೆ ಇರಲಿಲ್ಲ. ಹುಡುಗಿಯೂ ದಣಿದಿದ್ದಳು, ಊಟವಾದರೆ ತೂಕಡಿಸುವುದು ಖಂಡಿತ.

ಅಮ್ಮ ಎಂದಿನಂತೆ ದೀಪ ಹಿಡಿದು ಬಂದಳು. ಅಜ್ಜಿ ಅವಳ ಕೈ ತಡೆದಳು.

"ಒಸಿ ತಡೀರವ್ವ, ಈಗ್ಲೇ ಅಚ್ಬೇಡಿ."

ಆಮೇಲೆ ನನ್ನ ಕಡೆ ತಿರುಗಿ, "ಓದ್ಸವ್ವ" ಎಂದಳು. "ಎಲ್ರುನ್ನೂ ಓದ್ಸು. ಒಬ್ರುನ್ನೂ ಬುಡ್ಬೇಡ."

"ಅಜ್ಜಿ, ಈ ಹೊತ್ತಿನಲ್ಲಿ..."

"ನಾನು ಬಾಕ್ಲಲ್ಲಿ ಕುಂತಿರ್ತೀನಿ. ಅಸ್ತು ಅನ್ನದಾದ್ರೆ ನಂಗೇ ಅನ್ಲಿ. ಮಗೀನ ತಂಟೆಗೆ ಬರಾದು ಬ್ಯಾಡ."

ಹಾಗೆಂದು ಸೆರಗು ಹೊದ್ದು, ಹುಡುಗಿಗೆ ಬೆನ್ನು ಮಾಡಿ, ಪಡುವಣಕ್ಕೆ ಮುಖವಿಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅಕ್ಷರ ಕಾಣದ ಮಬ್ಬಿನಲ್ಲಿ ನಾನು ಕೇಳುತ್ತಾ ಹೋದೆ, ಹುಡುಗಿ ಹೇಳುತ್ತಾ ಹೋದಳು. ರಾಜ ಸತ್ತ, ರಾಣಿ ಸತ್ತಳು, ಯುವರಾಜ ಸತ್ತ, ಚಕ್ರವರ್ತಿಯ ಸಂಸಾರವೆಲ್ಲ ಸತ್ತಿತು. ಹುಡುಗಿಯ ದನಿ ನಡುಗುತ್ತಿತ್ತು, ಆದರೆ ಒಂದೂ ತಪ್ಪಲಿಲ್ಲ. ಅಜ್ಜಿ ಒಂದು ಸಲವೂ ಬುಡ್ತು ಅನ್ನಲಿಲ್ಲ. ದೇವತೆಗಳನ್ನು ನಂಬದ ನಾನು ಕೂಡ ಅಂದು ಅವಳ ಬೆನ್ನನ್ನು ನೋಡುತ್ತ, ಈ ಮುದುಕಿಗೆ ಏನೂ ಆಗದಿರಲಪ್ಪ ಎಂದು ಬೇಡಿಕೊಂಡೆ.

ಫಲಿತಾಂಶ ಬಂದ ದಿನ ಇಬ್ಬರೂ ಅದೇ ಸಂಜೆ ಬಸ್ಸಿನಲ್ಲಿ ಬಂದರು. ಹುಡುಗಿ ಪಾಸಾಗಿದ್ದಳು. ಅಜ್ಜಿ ಚೀಲದ ತುಂಬ ಅವರೆಕಾಯಿ ತಂದು ಅಮ್ಮನ ಮುಂದೆ ಸುರಿದು, "ನಾನೂ ಗಟ್ಟಿಯಾಗೇ ಇವ್ನಿ ನೋಡವ್ವ" ಎಂದು ನಕ್ಕಳು.

"ಇನ್ನು ನಿಮ್ಮ ಮೊಮ್ಮಗಳು ಮೇಡಮ್ ಆಗ್ತಾಳೆ ಅಜ್ಜಿ" ಎಂದೆ.

ಅಜ್ಜಿ ತಟ್ಟನೆ ಆಕಾಶ ನೋಡಿದಳು. ಹೊತ್ತು ಮುಳುಗುತ್ತಿತ್ತು.

"ಇನ್ನೊಂದ್ಸಲ ಅನ್ನವ್ವ ಅದ್ನ. ಗಟ್ಟಿಯಾಗನ್ನು."

ನಾನು ಬೀದಿಗೆಲ್ಲ ಕೇಳುವಂತೆ ಇನ್ನೊಂದು ಸಲ ಹೇಳಿದೆ. ಅಜ್ಜಿ ಕೈಮುಗಿದು, ದೇವತೆಗಳಿಗೂ ಕಾಯದೆ, ತಾನೇ "ಅಸ್ತು" ಅಂದಳು.