ವಸ್ತ್ರದ ಕೆಳಗಿನ ಕೈ

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ಒಣಮೆಣಸಿನಕಾಯಿ ಚೀಲ ಬಿಚ್ಚಿದಾಗ ಏಳುವ ಘಾಟು ಇವತ್ತಿಗೂ ನನ್ನನ್ನು ಗಜೇಂದ್ರಗಡದ ನಮ್ಮ ಪಡಸಾಲೆಗೆ ಎಳೆದೊಯ್ಯುತ್ತದೆ. ಅಲ್ಲಿ ಅಜ್ಜನ ಕೈಯಲ್ಲಿ ಐದು ಕಿಲೋದ ಕಬ್ಬಿಣದ ತೂಕದ ಕಲ್ಲು, ಹಾಸುಗಲ್ಲಿನ ಮೇಲೆ ಈರಣ್ಣ ಕಾಕಾನ ಬಲಗೈ. ಒಮ್ಮೊಮ್ಮೆ ಹೊರಗೆ ಸುಡುಬಿಸಿಲು, ಒಮ್ಮೊಮ್ಮೆ ಮಳೆ, ಎರಡೂ ನಿಜವಾಗಲಾರವು. ಧಾರವಾಡದಲ್ಲಿ ಇತಿಹಾಸ ಓದುವಾಗ ಸಾಕ್ಷಿಯನ್ನು ಅನುಮಾನಿಸಲು ಕಲಿತೆ, ಮೊದಲು ಅನುಮಾನಿಸಿದ್ದು ನನ್ನನ್ನೇ. ಯಾಕೆಂದರೆ ಮನೆಯವರೆಲ್ಲರ ಮಾತು ಒಂದೇ ಆಗಿತ್ತು: "ಗಾಳಿಗೆ ಪಡಸಾಲಿ ಬಾಗಲಾ ಬಡೀತು. ಈರಣ್ಣನ ಕೈಬಟ್ಟ ಸಿಕ್ಕೊಂಡ್ವು."

ಆ ಪಡಸಾಲೆಯೇ ನಮ್ಮ ಪೇಢಿ, ಮೆಣಸಿನಕಾಯಿ ವ್ಯಾಪಾರದ ಅಂಗಡಿ. ನಿಮ್ಮ ಮನೆಯ ಮುಂಭಾಗವೂ ಎಂದೋ ಅಂಗಡಿಯಾಗಿದ್ದರೆ ಆ ವಾಸನೆ ನಿಮಗೂ ಗೊತ್ತು: ಗೋಣಿತಾಟು, ಎಣ್ಣೆ, ಬೆವರು, ಹಳೆಯ ಕಟ್ಟಿಗೆ. ನಮ್ಮದು ದಲಾಲಿಯ ಪೇಢಿಯಲ್ಲ. ಸ್ವಂತ ದುಡ್ಡಿನಲ್ಲಿ ಕೊಂಡು, ದರ ಏರುವವರೆಗೆ ಇಟ್ಟು, ಮಾರುವುದು; ಲಾಭವೂ ನಮ್ಮದೇ, ಏಟೂ ನಮ್ಮದೇ. ಈ ಪದ್ಧತಿ ಹುಟ್ಟಿದ್ದು ರಕ್ತದಲ್ಲಿ. ಮುತ್ತಜ್ಜ ನರೇಗಲ್ಲಿನಲ್ಲಿ ಊರವರ ದುಡ್ಡು ಕೂಡಿಸಿ ಹತ್ತಿ ಕೊಂಡಿದ್ದನಂತೆ. ದರ ಬಿತ್ತು. ಸಂತೆಯ ನಡುವೆ ಅವನನ್ನು ಬಂಡಿಯ ಗಾಲಿಗೆ ಕಟ್ಟಿ ಬಾರುಕೋಲಿನಿಂದ ಹೊಡೆದರು; ಹೊಡೆದವರಲ್ಲಿ ಅವನ ಸ್ವಂತ ಷಡ್ಡಕನೂ ಇದ್ದ. ಒಂದು ಕಣ್ಣು ಅಲ್ಲೇ ಹೋಯಿತು. ಹಗ್ಗ ಬಿಚ್ಚಿದವನು ನಮ್ಮ ಅಜ್ಜ. ಗಜೇಂದ್ರಗಡಕ್ಕೆ ಬಂದು ಪೇಢಿ ಹಾಕಿದ ಅವನು ಹೇಳುತ್ತಿದ್ದುದು ಇಷ್ಟೇ: "ಮುಳಗಿದ್ರ ನಾವ ಮುಳಗೂಣು. ಮಂದೀನ್ನ ಜೋಡಿ ಒಯ್ಯೂದು ಬ್ಯಾಡ."

ಆಗ ದರವನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಒಂದು ವಸ್ತ್ರದ ಕೆಳಗೆ ಕೈ ಹಿಡಿದು, ಬೆರಳು ಒತ್ತಿ, ಮಡಿಸಿ, ಮಾತು ಮುಗಿಸುತ್ತಿದ್ದರು. ಅಜ್ಜನ ಬೆರಳು ವಯಸ್ಸಿಗೆ ನಡುಗತೊಡಗಿದ ಮೇಲೆ ಆ ವಸ್ತ್ರ ಅವನ ಕಿರಿಯ ಮಗ ಈರಣ್ಣ ಕಾಕಾನ ಹೆಗಲೇರಿತು. ಪೇಢಿಯೆಂದರೆ ಆಮೇಲೆ ಕಾಕಾನ ಬಲಗೈಯೇ. ಮೆಣಸಿನಕಾಯಿ ಮುಟ್ಟಿ ಸದಾ ಕೆಂಪು ಹಿಡಿದಿರುತ್ತಿದ್ದ ಆ ಕೈ ನನ್ನ ಕೆನ್ನೆ ಸವರಿದರೆ ಸಂಜೆಯವರೆಗೆ ಉರಿ. ಎದುರು ಮನೆಯಲ್ಲಿ ಸೀರೆ ನೇಯುವ ಗಂಗವ್ವ ಮಗ್ಗದಿಂದಲೇ ಕೂಗುತ್ತಿದ್ದಳು: "ಈರಣ್ಣಾ, ನಿನ್ನ ಕಟಗೊಂಡಾಕಿ ಕೈ ಹಿಡದ ದಿನಾನ ಹೊಯ್ಕೊತಾಳ ನೋಡು!"

ಅದೇ ಗಂಗವ್ವ ಒಂದು ದಿನ ಹೋಳಿಗೆಯ ತಾಟು ಹಿಡಿದು ಬಂದಳು. "ಅಜ್ಜಾರ, ಈರಣ್ಣನ ಕೈಗುಣಾ ಭಾಳ ಚಲೋ ಐತ್ರಿ. ನಾ ಕೊಟ್ಟ ರೊಕ್ಕಾ ಮೆಣಸಿನಕಾಯ್ಯಾಗ ಹಾಕಿ ಹೆಚ್ಚ ಮಾಡಿ ಕೊಟ್ಟಾನ."

ಅಜ್ಜ ಕಾಕಾನ ಕಡೆ ತಿರುಗಿದ. "ಇನ್ನ ಯಾರ್ಯಾರ್ದ ತೊಗೊಂಡಿ?"

"ಓಣಿ ಮಂದೀದ, ಅಪ್ಪಾ. ಯಾರಿಗೂ ಲುಕ್ಸಾನ ಆಗಿಲ್ಲ."

"ಖರೇ. ಇನ್ನೂ ಆಗಿಲ್ಲ. ನಮ್ಮಪ್ಪನ ಕಣ್ಣ ನೀ ನೋಡಿಲ್ಲ. ಕೈ ಇಡು."

ಕಾಕಾ ಇಟ್ಟ. ನನ್ನನ್ನು ಇವತ್ತಿಗೂ ನಡುಗಿಸುವುದು ಅದು. ಅಜ್ಜ ಎತ್ತಿದ ತೂಕದ ಕಲ್ಲು ಬಿದ್ದಾಗ ಹಸಿ ಕಟ್ಟಿಗೆ ಸೀಳಿದಂಥ ಸದ್ದು. ಮತ್ತೆ ಎತ್ತಿದ, ಮತ್ತೆ ಬಿತ್ತು. ತಾಟು ಉರುಳಿತು. ಗಂಗವ್ವ ಬಾಯಿ ಬಡಿದುಕೊಳ್ಳುತ್ತ ಅಜ್ಜನ ತೋಳಿಗೆ ಜೋತುಬಿದ್ದಳು. ಮೆಣಸಿನಕಾಯಿಯ ಧೂಳಿನಲ್ಲಿ ರಕ್ತದ ಕೆಂಪು ಯಾವುದು, ಕಾಯಿಯ ಕೆಂಪು ಯಾವುದು ತಿಳಿಯಲಿಲ್ಲ. ಆಮೇಲೆ ಅಜ್ಜ ಅದೇ ವ್ಯಾಪಾರದ ವಸ್ತ್ರ ಹರಿದು ಮಗನ ಕೈಗೆ ಕಟ್ಟಿದ.

ಮುರಿದ ಬೆರಳು ಮತ್ತೆ ಮಡಚಲು ಬರಲೇ ಇಲ್ಲ. ವಸ್ತ್ರದ ಕೆಳಗೆ ಆ ಕೈಯ ಮಾತು ಯಾರಿಗೂ ತಿಳಿಯದಾಯಿತು. ಕಲ್ಲೆತ್ತುವಾಗ ಅಜ್ಜನಿಗೆ ಇದು ಗೊತ್ತಿತ್ತೆಂದೇ ನನ್ನ ನಂಬಿಕೆ. ಮರು ಸುಗ್ಗಿಗೆ ಪೇಢಿ ಮುಚ್ಚಿತು, ಮನೆ ಮಾರಿದೆವು, ಅಜ್ಜ ತೀರಿಕೊಂಡ. ಎಷ್ಟೋ ವರ್ಷಗಳ ಮೇಲೆ, ರೋಣದ ದವಾಖಾನೆಯಲ್ಲಿ ಕೊನೆಯ ಸಲ ಕಂಡಾಗ ಕಾಕಾನನ್ನು ಆ ದಿನದ ಬಗ್ಗೆ ಕೇಳಿದೆ. ಆ ಕೈಯನ್ನು ಚಾದರದ ಕೆಳಗೆ ಎಳೆದುಕೊಂಡು ಅಂದ: "ಗಾಳಿ, ತಮ್ಮಾ. ಅವತ್ತ ಭಾರೀ ಗಾಳಿ ಇತ್ತು."

ಕಾಕಾನನ್ನು ಮಣ್ಣು ಮಾಡಿ ಬಂದ ಮೇಲೆ ಆ ಮನೆಗೆ ಹೋದೆ. ಪಡಸಾಲೆ ಈಗ ಮೊಬೈಲ್ ಅಂಗಡಿ, ಮುಂದೆ ಶಟರ್. ಹಳೆಯ ಹೊಸ್ತಿಲಗಲ್ಲು ಮಾತ್ರ ಹಾಗೇ ಇದೆ. ಕುಳಿತು ಬೆರಳಾಡಿಸಿದೆ. ಉದ್ದಕ್ಕೂ, ಅಂಗಡಿ ಮುಚ್ಚುವ ಹಲಗೆಗಳನ್ನು ಒಂದೊಂದಾಗಿ ಸರಿಸಿ ಕೂಡಿಸುವ ತೋಡು ಕೊರೆದಿದೆ. ಕದದ ಅಚ್ಚು ಕೂತು ತಿರುಗುವ ಕುಳಿ ಆ ತುದಿಗೂ ಇಲ್ಲ, ಈ ತುದಿಗೂ ಇಲ್ಲ. ನಮ್ಮ ಪಡಸಾಲೆಗೆ ಗಾಳಿಗೆ ಬಡಿಯುವಂಥ ಬಾಗಿಲೇ ಇರಲಿಲ್ಲ.