ಬ್ಲೂಸ್ ಹಾಡಿನ ರಾಶಿಗೆ ನಂಬರ್ ಕೊಡುವ ಯಮನೂರಸಾಬ

ಯಮನೂರಸಾಬನ ಕಥೆ ಹೇಳುವುದಕ್ಕೆ ಕಾರಣ ಇಷ್ಟೇ. ಆತ ಗೆಳೆಯನ ಮುಖ ನೋಡಿ ಸುಳ್ಳು ಹೇಳಲಿಲ್ಲ. ತನ್ನ ತಪ್ಪು ಗೊತ್ತಾದಾಗ ಅದನ್ನೂ ಮುಚ್ಚಿಡಲಿಲ್ಲ. ಈ ಎರಡು ಕೆಲಸ ಮಾಡಿದ ಇನ್ನೊಬ್ಬನನ್ನು ನಾನು ನೋಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲಕ್ಷ್ಮೇಶ್ವರದ ಮಾರುಕಟ್ಟೆಯಲ್ಲಿ ಚನ್ನಬಸವಣ್ಣನವರ ದಲಾಲಿ ಅಂಗಡಿ ಇದೆ. ಯಮನೂರಸಾಬ ಅಲ್ಲಿ ಮೂವತ್ತು ವರ್ಷದಿಂದ ಕಾಳು ನೋಡುವ ಕೆಲಸ ಮಾಡುತ್ತಾನೆ. ರೈತರು ಹೆಸರು, ಕಡಲೆ, ಶೇಂಗಾ ತರುತ್ತಾರೆ. ಚೀಲದ ಬಾಯಲ್ಲಿ ಯಾವಾಗಲೂ ಚಲೋ ಕಾಳೇ ಇರುತ್ತದೆ. ಅದನ್ನು ಆತ ಕಣ್ಣೆತ್ತಿಯೂ ನೋಡುವುದಿಲ್ಲ. ಕೈಯಲ್ಲಿ ಒಂದು ಚೂಪಾದ ಕಬ್ಬಿಣದ ಕೊಳವೆ ಇರುತ್ತದೆ. ಅದನ್ನು ಚೀಲದ ನಡುಭಾಗಕ್ಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆಯುತ್ತಾನೆ. ಅಂಗೈಯಲ್ಲಿ ಹಾಕಿಕೊಂಡು ಊದಿ, ಒಂದು ಕಾಳು ಹಲ್ಲಿಗೆ ಕೊಟ್ಟು, ಒಂದನೇ ನಂಬರ್, ಎರಡನೇ ನಂಬರ್, ಇಲ್ಲವೇ ವಾಪಸ್ ಅನ್ನುತ್ತಾನೆ. ಅಷ್ಟೇ. ಬೈದರೂ ಮಾತು ಬದಲಿಸುವುದಿಲ್ಲ.

ನಾನು ಅದೇ ಮಾರುಕಟ್ಟೆಯಿಂದ ಟಾಟಾ ಏಸ್ ಓಡಿಸುತ್ತೇನೆ. ಶಿಗ್ಲಿ, ಶಿರಹಟ್ಟಿ, ಸೊರಟೂರ, ಗದಗ, ಎಲ್ಲಿ ಭಾಡಿಗೆ ಸಿಕ್ಕರೆ ಅಲ್ಲಿ. ಭಾನುವಾರ ಮಾತ್ರ ಯಮನೂರಸಾಬನನ್ನು ಕೂಡಿಸಿಕೊಂಡು ಬೆಟಗೇರಿಗೆ ಹೋಗುತ್ತೇನೆ. ಅಲ್ಲಿ ಶಿವಯೋಗಿಯ ಅಂಗಡಿ ಇದೆ. ಮಿಕ್ಸರ್, ಫ್ಯಾನು, ರೇಡಿಯೋ ರಿಪೇರಿ ಮಾಡುತ್ತಾನೆ. ಹರೆಯದಲ್ಲಿ ಯಮನೂರಸಾಬ ಶಿಗ್ಲಿಯ ರಿವಾಯತ್ ಮೇಳದಲ್ಲಿ ಹಾಡುತ್ತಿದ್ದ. ಮೊಹರಂನಲ್ಲಿ ಒಂದು ಮೇಳ ಹಾಡಿನಲ್ಲೇ ಪ್ರಶ್ನೆ ಎಸೆಯುವುದು, ಎದುರಿನ ಮೇಳ ಹಾಡಿನಲ್ಲೇ ಉತ್ತರ ಕೊಡುವುದು. ಆ ಮೇಳಕ್ಕೆ ಮೈಕು ಹಚ್ಚಲು ಬರುತ್ತಿದ್ದವನು ಶಿವಯೋಗಿ. ಅಲ್ಲಿಂದ ಶುರುವಾದ ಗೆಳೆತನ. ಮೇಳ ನಿಂತು ಹೋಯಿತು, ಇದು ನಿಲ್ಲಲಿಲ್ಲ.

ಆರು ವರ್ಷದ ಹಿಂದೆ ಗುಜರಿಯವನೊಬ್ಬ ಶಿವಯೋಗಿಗೆ ಒಂದು ಹಳೆಯ ಸಿಡಿ ಪ್ಲೇಯರ್ ಮಾರಿದ. ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ ತುಂಬ ಸಿಡಿ. ಎಲ್ಲವೂ ಬ್ಲೂಸ್. ಅಂದರೆ ಅಮೆರಿಕದಲ್ಲಿ ಹತ್ತಿ ಹೊಲದಲ್ಲಿ ದುಡಿದ ಕಪ್ಪು ಜನರ ಹಾಡು. ಒಬ್ಬೊಬ್ಬರದೇ ಸಿಡಿ ಒಂದೂ ಇರಲಿಲ್ಲ. ಎಲ್ಲವೂ ಹತ್ತಾರು ಮಂದಿಯ ಹಾಡು ಕೂಡಿಸಿ ಮಾಡಿದ ಸಂಗ್ರಹಗಳು. ಪ್ಲೇಯರ್ ರಿಪೇರಿಯಾಯಿತೋ ಇಲ್ಲವೋ ನೋಡಲು ಶಿವಯೋಗಿ ಒಂದನ್ನು ಹಾಕಿದ. ಒಬ್ಬ ಗಂಡಸು, ಒಂದು ಗಿಟಾರು. ಯಮನೂರಸಾಬ ಚಹಾದ ಕಪ್ಪು ಕೆಳಗಿಟ್ಟ.

"ಏನ್ ಹೇಳ್ತಾನೋ ತಿಳೀವಲ್ದು," ಅಂದ. "ಆದ್ರ ಒಂದು ಮಾತು ಎರಡು ಸಲ ಅಂತಾನ, ಮೂರನೇದ್ರಾಗ ಉತ್ತರ ಕೊಡ್ತಾನ. ಇಂವ ನಮ್ಮಾಂವ."

ಅವತ್ತಿನಿಂದ ಭಾನುವಾರ ಎಂದರೆ ಬ್ಲೂಸ್. ಯಮನೂರಸಾಬ ಹಾಡನ್ನೂ ಕಾಳಿನಂತೆ ನೋಡುತ್ತಿದ್ದ. ಮೊದಲ ಹಾಡು ಹಾಕಲು ಬಿಡುತ್ತಿರಲಿಲ್ಲ. ಅದು ಚೀಲದ ಬಾಯಿ. ಎಂಟನೆಯದೋ ಒಂಬತ್ತನೆಯದೋ ಹಾಕಿಸಿ, ಅದು ಕೇಳುವಂತಿದ್ದರೆ ಆಮೇಲೆ ಒಂದರಿಂದ ಕೇಳುತ್ತಿದ್ದ. ಒಂದು ಸಂಗ್ರಹದಲ್ಲಿ ಮೊದಲ ಎರಡು ಹಾಡು ಬಿಟ್ಟರೆ ಉಳಿದದ್ದೆಲ್ಲ ಹೊಟ್ಟು. ವಾಪಸ್. ಇನ್ನೊಂದರಲ್ಲಿ ಬೇರೆ ಮೂರು ಸಿಡಿಯಲ್ಲಿದ್ದ ಹಾಡುಗಳೇ ಮತ್ತೆ ಇದ್ದವು, ಹೊದಿಕೆ ಮಾತ್ರ ಹೊಸದು. ವಾಪಸ್. ಮತ್ತೊಂದರಲ್ಲಿ ಹಳೆಯ ಗ್ರಾಮಫೋನ್ ತಟ್ಟೆಯ ಗರಗರ ಸದ್ದನ್ನೆಲ್ಲ ತೆಗೆದು ತಿಕ್ಕಿ ತೊಳೆದಿದ್ದರು. ಶಿವಯೋಗಿಗೆ ಅದು ಬಹಳ ಸೇರಿತು. ಯಮನೂರಸಾಬ ಎರಡನೇ ನಂಬರ್ ಕೊಟ್ಟ. ಧೂಳಿನ ಜೊತೆ ಹಾಡುವವನ ಉಸಿರನ್ನೂ ಜರಡಿ ಹಿಡಿದಿದ್ದಾರೆ ಎಂಬುದು ಆತನ ತಕರಾರು.

ಒಂದನೇ ನಂಬರ್ ಸಿಕ್ಕಿದ್ದು ಒಂದಕ್ಕೇ. ಕಂದು ಬಣ್ಣದ ಸಿಡಿ ಪೆಟ್ಟಿಗೆ, ಇಪ್ಪತ್ತು ಹಾಡು. ಮುಖಪುಟದಲ್ಲಿ ಕಟ್ಟಿಗೆ ಮನೆಯ ಮುಂದೆ ಏಳೆಂಟು ಮಂದಿ ಕುಂತ ಫೋಟೋ. ಅದರ ಎಂಟನೇ ಹಾಡಿನ ಕೊನೆಗೆ ಒಬ್ಬ ಹೆಣ್ಣುಮಗಳು ನಗುತ್ತಾಳೆ. ಒಂಬತ್ತನೆಯದು ಒಬ್ಬ ಮುದುಕನ ಹಾಡು, ಗಿಟಾರು ಬಲು ನಿಧಾನ. ಯಮನೂರಸಾಬ ಅದನ್ನು ಕೇಳಿದಾಗಲೆಲ್ಲ ನನ್ನ ತೊಡೆ ತಟ್ಟುತ್ತಿದ್ದ.

"ಆಕಿ ನಕ್ಕದ್ದು ಮುದುಕಗ ನಟ್ಟೈತಿ ನೋಡು. ಅದಕ್ಕ ಹಿಂಗ ನುಡಸ್ತಾನ."

ನಾವೂ ಹೂಂ ಅನ್ನುತ್ತಿದ್ದೆವು. ಖರೆ ಹೇಳಬೇಕೆಂದರೆ ಹಾಗೇ ಕೇಳಿಸುತ್ತಿತ್ತು.

ಹೋದ ವರ್ಷ ಗದಗಿನ ಒಂದು ಕೇಳುಗರ ಬಳಗದವರು ಶಿವಯೋಗಿಯನ್ನು ಕರೆದರು. ಅವರು ತಿಂಗಳಿಗೊಮ್ಮೆ ಒಂದು ಕೋಣೆಯಲ್ಲಿ ಸೇರಿ ಸಂಗೀತ ಕೇಳುವ ಜನ. ಒಂದು ತಾಸು ಬ್ಲೂಸ್ ಕೇಳಿಸಿ, ಹಾಡು ನೀವೇ ಆರಿಸಿ ಎಂದರು. ಶಿವಯೋಗಿಗೆ ನೆಲ ಕಾಣಲಿಲ್ಲ. ಎಲ್ಲ ಸಿಡಿ ಸೋಸಿ, ಮೊಬೈಲಿನಲ್ಲಿ ಹುಡುಕಿ, ನಾಲ್ಕು ತಿಂಗಳು ಕುಂತು ಹದಿನಾರು ಹಾಡು ಆರಿಸಿ ಪೆನ್‌ಡ್ರೈವಿಗೆ ಹಾಕಿದ. ಅವನ ಹೆಂಡತಿ ನೀಲಗಂಗವ್ವ, ರಿಪೇರಿಗೆ ಬಂದ ಮಿಕ್ಸರ್‌ಗಳು ಮೊಮ್ಮಕ್ಕಳನ್ನು ಕಂಡವು, ಇವನ ಹಾಡು ಮುಗಿಯಲಿಲ್ಲ ಎಂದು ಓಣಿಗೆಲ್ಲ ಹೇಳಿಕೊಂಡು ಬಂದಳು.

ಕೊನೆಗೆ ಹಾಡು ಸಿದ್ಧವಾದ ಭಾನುವಾರ ಆಕೆ ಮಂಡಕ್ಕಿಯ ಗಿರ್ಮಿಟ್ಟು ಮಾಡಿದ್ದಳು. ಶಿವಯೋಗಿ ಹೊಸ ಅಂಗಿ ಹಾಕಿದ್ದ. ಯಮನೂರಸಾಬ ಎಂಟನೆಯದರಿಂದ ಕೇಳಿದ. ಆಮೇಲೆ ಒಂದರಿಂದ ಹದಿನಾರರವರೆಗೆ ಕೇಳಿದ. ಕೇಳಿ ಗಿರ್ಮಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿದ.

"ಹೆಂಗೈತಿ ಹೇಳಲೇ," ಅಂದ ಶಿವಯೋಗಿ.

"ಕಾಳೆಲ್ಲಾ ಒಂದನೇ ನಂಬರ್ ಐತಿ. ರಾಶಿ ಪಾಸ್ ಇಲ್ಲ."

"ಹಂಗಂದ್ರ ಏನಲೇ?"

"ಹದಿನಾರು ಮಂದೀನೂ ಗೌಡ್ರನ್ನ ತಂದು ಕುಂಡ್ರಿಸೀದಿ. ಎಲ್ಲಾರೂ ಮೀಸಿ ತಿರುವಾಕತ್ಯಾರ. ಒಬ್ಬರ ಮಾತು ಒಬ್ಬರು ಕೇಳವಲ್ರು. ಆ ಕಂದು ಪೆಟಿಗ್ಯಾಗ ನೋಡು, ಆಕಿ ನಕ್ರ ಮುದುಕಗ ನಾಟತೈತಿ."

ನಾನು ನಕ್ಕೆ. ನಗಬಾರದಿತ್ತು. ಶಿವಯೋಗಿಯ ಮುಖ ಕೆಂಪಾಯಿತು.

"ಅವರೇನು ನಿಮ್ಮ ಶಿಗ್ಲಿ ಮೇಳ ಅಂತ ತಿಳದೀಯೇನು? ಒಂದ ಕಟ್ಟಿ ಮ್ಯಾಲ ಕುಂತು ಹಾಡ್ಯಾರಂತ ಮಾಡೀಯೇನು? ಒಬ್ಬ ಒಂದು ಊರಾಗ, ಒಬ್ಬ ಇನ್ನೊಂದು ಊರಾಗ ಹಾಡ್ಯಾನ. ಒಬ್ಬರ ಮಾರಿ ಒಬ್ಬರು ನೋಡಿಲ್ಲ. ಇಷ್ಟು ವರ್ಷ ಚಾಷ್ಟಿ ಮಾಡ್ತಿ ಅಂತಿದ್ದೆ. ನೀ ಖರೇನ ಹಂಗ ತಿಳದೀಯಲ್ಲೋ."

ಯಮನೂರಸಾಬ ಅವನನ್ನೇ ನೋಡಿದ. ಹೌದು, ಆತ ಹಾಗೇ ತಿಳಿದಿದ್ದ. ಮುಖಪುಟದಲ್ಲಿ ಕುಂತವರೆಲ್ಲ ಒಂದೇ ಮೇಳದವರು, ಒಬ್ಬರಾದ ಮೇಲೆ ಒಬ್ಬರು ಎದ್ದು ಹಾಡಿದ್ದಾರೆ ಎಂದು ತಿಳಿದಿದ್ದ. ನಾನೂ ಹಾಗೇ ತಿಳಿದಿದ್ದೆ, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

"ಅಂದ್ರ ಆಕಿ ನಕ್ಕದ್ದು ಮುದುಕಗ ಕೇಳಿಸೇ ಇಲ್ಲೇನು?"

"ಆಕಿ ನಗೋ ಹೊತ್ತಿಗೆ ಆ ಮುದುಕ ಸತ್ತು ಎಂಟು ವರ್ಷ ಆಗಿತ್ತು. ಪೆಟಿಗಿ ಹಿಂದ ಬರದೈತಿ. ಓದಾಕ ಬರದಾಂವ ನಂಬರ್ ಯಾಕ ಕೊಡಬೇಕು?"

ಯಮನೂರಸಾಬ ಎದ್ದು ಚಪ್ಪಲಿ ಮೆಟ್ಟಿದ. ನೀಲಗಂಗವ್ವ ಚಹಾ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಆಕೆಯ ಕೈಯಿಂದ ಕಪ್ಪು ತೆಗೆದುಕೊಂಡು, ನಿಂತುಕೊಂಡೇ ಕುಡಿದು, ಚಲೋ ಐತವ್ವಾ ಎಂದು ಹೇಳಿ ಹೊರಗೆ ಬಂದ. ನೇರ ನನ್ನ ಗಾಡಿ ಹತ್ತಿ ಕುಂತ.

ನಾಲ್ಕು ಭಾನುವಾರ ಆತ ಬೆಟಗೇರಿಗೆ ಬರಲೇ ಇಲ್ಲ. ಶಿವಯೋಗಿ ಒಂದು ಹಳೆಯ ಪ್ಲೇಯರ್ ಜೊತೆ ಕೊಟ್ಟಿದ್ದ ಕಂದು ಪೆಟ್ಟಿಗೆ ಆತನ ಮನೆಯಲ್ಲೇ ಇತ್ತು, ತೆಗೆಯಲಿಲ್ಲ. ಮಾರುಕಟ್ಟೆಯಲ್ಲಿ ಕಾಳು ನೋಡುವಾಗಲೂ ಮೊದಲಿನ ಬಿರುಸು ಇಲ್ಲ. ಒಮ್ಮೆ ಒಂದೇ ಚೀಲಕ್ಕೆ ಎರಡು ಸಲ ಚುಚ್ಚಿದ. ಚನ್ನಬಸವಣ್ಣನವರು ನನ್ನನ್ನು ಕರೆದು, ಸಾಬನ ಆರೋಗ್ಯ ಬರೋಬರಿ ಐತಿಲ್ಲೋ ಎಂದು ವಿಚಾರಿಸಿದರು. ಮನೆಯಲ್ಲಿ ಆತನ ಹೆಂಡತಿ ಮೋತಿಬಿಗೆ ಬೇರೆಯೇ ಚಿಂತೆ.

"ಯಂಕಪ್ಪಣ್ಣ, ಹಾಡು ಹಚ್ಚಿದ್ರ ಸಣ್ಣಗ ಮಾಡು ಅಂತ ಬೈತಿದ್ದೆ," ಅಂದಳು ನನ್ನ ಮುಂದೆ. "ಈಗ ಬೈಯಾಕ ಏನೂ ಉಳದಿಲ್ಲ. ಏನಾರ ಮಾಡೋ."

ಬೆಟಗೇರಿಯ ಪರಿಸ್ಥಿತಿಯೂ ಹಾಗೇ. ಭಾಡಿಗೆ ತೆಗೆದುಕೊಂಡು ಆ ಕಡೆ ಹೋದಾಗ ಶಿವಯೋಗಿ ಸ್ಕ್ರೂ ತಿರುಗಿಸುತ್ತಲೇ ಲಕ್ಷ್ಮೇಶ್ವರದ ಕಡೆ ಮಳೆ ಹೇಗೆ, ಹೆಸರಿನ ಬೆಳೆ ಹೇಗೆ, ಮಾರುಕಟ್ಟೆ ಹೇಗೆ ಎಂದು ಕೇಳುತ್ತಿದ್ದ. ಅವನಿಗೆ ಹೊಲವೂ ಇಲ್ಲ, ಹೆಸರೂ ಇಲ್ಲ. ಮಾರುಕಟ್ಟೆಯ ಸುದ್ದಿ ಎಂದರೆ ಯಾರ ಸುದ್ದಿ ಎಂದು ನನಗೆ ಗೊತ್ತಾಗುತ್ತಿತ್ತು. ಗದಗಿನ ದಿನಕ್ಕೆ ಇನ್ನು ಮೂರೂವರೆ ವಾರ ಇತ್ತು. ಪಾಸ್ ಆಗದ ರಾಶಿಯನ್ನು ತೆಗೆದುಕೊಂಡು ಹೋಗಲು ಅವನಿಗೆ ಧೈರ್ಯವಿಲ್ಲ. ಯಮನೂರಸಾಬನ ಹತ್ತಿರ ಹೋಗಿ ಕೇಳಲು ಮನಸ್ಸಿಲ್ಲ. ಹೋಗಲಾರೆನೆಂದು ಬಳಗದವರಿಗೆ ತಿಳಿಸಿಬಿಡುತ್ತೇನೆ ಎಂದ. ಹಾಗೆ ತಿಳಿಸಿದ್ದರೆ ಹಾಡೂ ಹೋಗುತ್ತಿತ್ತು, ಗೆಳೆತನವೂ ಹೋಗುತ್ತಿತ್ತು. ಇಬ್ಬರೂ ಅರವತ್ತರ ಹತ್ತಿರ ಇರುವವರು. ಈ ವಯಸ್ಸಿನಲ್ಲಿ ಹೊಸ ಗೆಳೆಯ ಎಲ್ಲಿ ಸಿಗುತ್ತಾನೆ?

ಐದನೇ ಭಾನುವಾರ ಬೆಳಿಗ್ಗೆ ಯಮನೂರಸಾಬ ತಾನಾಗಿಯೇ ನನ್ನ ಮನೆಗೆ ಬಂದ. ಕಂಕುಳಲ್ಲಿ ಕಂದು ಪೆಟ್ಟಿಗೆ ಇತ್ತು.

"ಯಂಕಪ್ಪ, ನಿನ್ನೆ ತಡೀಲಾರದ ಹಚ್ಚಿ ಕೇಳಿದೆ," ಅಂದ. "ಮುದುಕ ಸತ್ತಾನ ಅಂತ ಗೊತ್ತೈತಿ. ಗೊತ್ತಿದ್ದೂ ಕೇಳಿದೆ. ಆಕಿ ನಕ್ಕದ್ದು ಅಂವಗ ಈಗೂ ನಾಟತೈತಲ್ಲೋ."

"ಅದೆಂಗ?" ಅಂದೆ.

"ಅದನ್ನ ಕೇಳಾಕ ಹೊಂಟೇನಿ. ಗಾಡಿ ತಗಿ."

ಬೆಟಗೇರಿಯಲ್ಲಿ ಅಂಗಡಿಯ ಮೆಟ್ಟಿಲು ಹತ್ತಿದವನೇ ಆತ ಮೊದಲು ತಪ್ಪು ಒಪ್ಪಿಕೊಂಡ. ಕುಂಡ್ರುವ ಮೊದಲೇ. ಇವರು ಒಂದು ಮೇಳ ಎಂದು ತಿಳಿದದ್ದು ತನ್ನ ತಪ್ಪು, ಓದಲು ಬಾರದವನು ಕೇಳಿ ತಿಳಿದುಕೊಳ್ಳಬೇಕಿತ್ತು ಎಂದ. ಶಿವಯೋಗಿ ತಲೆ ಎತ್ತಲಿಲ್ಲ. ಆಡಬಾರದ ಮಾತು ಆಡಿದೆ ಎಂದು ಅವನೂ ಗೊಣಗಿದ. ಒಳಗಿಂದ ನೀಲಗಂಗವ್ವ, ಇಬ್ಬರದೂ ಮುಗಿದಿದ್ದರೆ ಚಹಾ ಇಡುತ್ತೇನೆ ಎಂದಳು.

ಯಮನೂರಸಾಬ ಪೆಟ್ಟಿಗೆ ಮುಂದೆ ಸರಿಸಿದ.

"ಆಕಿನ್ನ ಮುದುಕನ ಮಗ್ಗಲಕ ತಂದು ಕುಂಡ್ರಿಸಿದಾಂವ ಒಬ್ಬ ಇರಬೇಕಲ್ಲೋ. ಅಂವ ಯಾಂವ? ಓದಿ ಹೇಳು."

ಶಿವಯೋಗಿ ಇಷ್ಟು ವರ್ಷದಲ್ಲಿ ಅದನ್ನು ನೋಡಿರಲೇ ಇಲ್ಲ. ಹಾಡಿದವರ ಹೆಸರು, ಊರು, ವರ್ಷ ಓದಿದ್ದ. ಸರ್ಕೀಟು ನೋಡುವ ಭೂತಗನ್ನಡಿ ಕಣ್ಣಿಗೆ ಹಿಡಿದು, ಇರುವೆಯಂಥ ಅಕ್ಷರಗಳನ್ನು ಕೆಳಗಿನವರೆಗೆ ಓದುತ್ತ ಹೋದ. ಎಲ್ಲಕ್ಕಿಂತ ಕೆಳಗೆ ಒಂದು ಸಾಲು ಇತ್ತು. ಹಾಡುಗಳ ಆಯ್ಕೆ ಮತ್ತು ಜೋಡಣೆ ಎಂದು ಬರೆದು ಒಂದು ಹೆಸರು. ಹೆಣ್ಣುಮಗಳ ಹೆಸರು.

ಯಮನೂರಸಾಬ ಪೆಟ್ಟಿಗೆ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟ.

"ಇಷ್ಟು ವರ್ಷ ಶಾಬಾಸ್ಕಿ ಕೊಟ್ಟದ್ದು ಈಕಿಗೆ," ಅಂದ. "ನನಗ ಗೊತ್ತಿದ್ದಿಲ್ಲ ಅಷ್ಟ."

ಶಿವಯೋಗಿ ಭೂತಗನ್ನಡಿ ಕೆಳಗಿಟ್ಟ. "ಹಂಗಾದ್ರ ನಂದು?"

"ನಂದು ತಪ್ಪಾತು ಅಂದ್ರ ನಿಂದು ಪಾಸ್ ಆತು ಅಂತಲ್ಲಲೇ."

ಶಿವಯೋಗಿ ನಕ್ಕುಬಿಟ್ಟ. ಈ ಸಲ ನಾನು ಧೈರ್ಯವಾಗಿ ನಕ್ಕೆ.

ಆಮೇಲೆ ಮೂರು ಭಾನುವಾರ ಇಬ್ಬರೂ ಕೂಡಿ ಕುಂತರು. ಶಿವಯೋಗಿ ಹೊಗಳಿ ಹೊಗಳಿ ಇಟ್ಟುಕೊಂಡಿದ್ದ ಒಂದು ಹಾಡಿತ್ತು. ಏಳು ನಿಮಿಷ ಗಿಟಾರು, ಮುಗಿಯಿತು ಎಂದಾಗ ಮತ್ತೆ ಶುರು. ಅದನ್ನು ತೆಗೆ ಎಂದ ಯಮನೂರಸಾಬ. ಶಿವಯೋಗಿ ಎರಡು ವಾರ ತೆಗೆಯಲಿಲ್ಲ. ಮೂರನೇ ವಾರ ತೆಗೆದ. ಆ ಜಾಗದಲ್ಲಿ ಗುಜರಿ ಪೆಟ್ಟಿಗೆಯಿಂದ ಅಷ್ಟೇನೂ ಹೆಸರಿಲ್ಲದ ಒಬ್ಬನ ಹಾಡು ಬಂತು. ದನಿ ಒಡಕು. ಗಿಟಾರಿನ ಶ್ರುತಿಯೂ ಅಷ್ಟಕ್ಕಷ್ಟೆ. ಆದರೆ ಅದನ್ನು ಇಟ್ಟ ಮೇಲೆ ಅದರ ಹಿಂದಿನ ಹಾಡೂ ಮುಂದಿನ ಹಾಡೂ ಎರಡೂ ಎದ್ದು ಕುಂತವು. ಒಬ್ಬನಾದರೂ ತಗ್ಗಿ ಮಾತಾಡಿದರೆ ಉಳಿದವರಿಗೆ ಕಿವಿ ಬರುತ್ತದೆ ಎಂದು ಯಮನೂರಸಾಬ ಹೇಳಿದ. ಇನ್ನು ಕೆಲವನ್ನೂ ತೆಗೆದು ಹದಿನಾರು ಹೋಗಿ ಹದಿಮೂರಾದವು.

ಗದಗಿನ ಕೋಣೆಯಲ್ಲಿ ಮೂವತ್ತು ಮಂದಿ ಇದ್ದರು. ಯಮನೂರಸಾಬ ಹಿಂದೆ ಗೋಡೆಗೆ ಒರಗಿ ಕುಂತು, ಒಂದು ತಾಸು ಜನರ ಕಾಲುಗಳನ್ನೇ ನೋಡಿದ. ಯಾರ ಕಾಲು ಕುಣಿಯುತ್ತದೆ, ಯಾರದು ಚಪ್ಪಲಿ ಹುಡುಕುತ್ತದೆ ಎಂದು. ಮುಗಿದ ಮೇಲೆ ಜನ ಶಿವಯೋಗಿಯ ಕೈ ಕುಲುಕಿದರು, ಶಾಲು ಹೊದಿಸಿದರು. ಅವನು ಎಲ್ಲರನ್ನೂ ಬಿಡಿಸಿಕೊಂಡು ನೇರ ಹಿಂದಕ್ಕೆ ಬಂದ. ಶಾಲು ಒಂದು ಹೆಗಲಿನಿಂದ ಜಾರಿತ್ತು. ಯಮನೂರಸಾಬನ ಎದುರಿಗೆ ನಿಂತ.

"ಎರಡನೇ ನಂಬರ್," ಅಂದ ಯಮನೂರಸಾಬ.

ಶಿವಯೋಗಿ ಆ ಮಾತನ್ನು ಬೆಟಗೇರಿಯ ತುಂಬ ಹೇಳಿಕೊಂಡು ತಿರುಗಿದ. ಶಾಲಿನ ಸುದ್ದಿ ಎತ್ತಲಿಲ್ಲ. ಈಗ ಮೂರನೇ ಸಂಗ್ರಹಕ್ಕೆ ಕುಂತಿದ್ದಾನೆ. ಎರಡನೆಯದು ವಾಪಸ್ ಆಯಿತು.

ನನಗೆ ಇಷ್ಟೇ ಬರೆಯಲು ಬರುತ್ತದೆ. ನೀವು ಈ ಕಡೆ ಬಂದರೆ ಯಮನೂರಸಾಬನನ್ನು ನೋಡದೆ ಹೋಗಬೇಡಿ. ಲಕ್ಷ್ಮೇಶ್ವರದ ಮಾರುಕಟ್ಟೆಯಲ್ಲಿ ಮಧ್ಯಾಹ್ನ ಕಾಳಿಗೆ ದರ ಹಾಕುವ ಟೆಂಡರ್ ಮುಗಿದ ಮೇಲೆ ಬಿಡುವಾಗಿರುತ್ತಾನೆ, ಚನ್ನಬಸವಣ್ಣನವರ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ. ಭಾನುವಾರವಾದರೆ ಬೆಟಗೇರಿಗೇ ಹೋಗಿ, ಇಬ್ಬರೂ ಸಿಗುತ್ತಾರೆ. ನಿಮ್ಮ ಹತ್ತಿರ ಬ್ಲೂಸ್ ಹಾಡಿನ ಸಂಗ್ರಹ ಏನಾದರೂ ಇದ್ದರೆ ತೆಗೆದುಕೊಂಡು ಹೋಗಿ. ಹೊಗಳಿಕೆ ಬೇಕಿದ್ದರೆ ಮಾತ್ರ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.